ಪೀಪಾಯಿಗೆ ಬಾಯಿ ಬಂದ ದಿನ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಾರದವನಿಗೆ ಮದುವೆಯಿಲ್ಲ. ಗಾದೆ ತಪ್ಪಿರಬಹುದು, ಕಥೆ ಮಾತ್ರ ಅಪ್ಪಟ ನಿಜ.

ಅಂದು ಬೆಳಿಗ್ಗೆ ಕುಟ್ಟಿ ಹೊಸ ಪೀಪಾಯಿಗೆ ಕಬ್ಬಿಣದ ಪಟ್ಟಿ ಬಿಗಿಯುತ್ತಿದ್ದಳು. ವೈನು ತುಂಬುವ ಮರದ ಪೀಪಾಯಿ ಮಾಡುವುದು ಅವಳ ಕಸುಬು. ಹೊತ್ತು ಹುಟ್ಟಿದರೆ ಕುಟ್ಟುವವಳಿಗೆ ಬೇರೆ ಹೆಸರು ಹುಡುಕುವ ಗೋಜಿಗೆ ಬೀದಿಯವರು ಹೋಗಿರಲಿಲ್ಲ.

ಕೈ ಪಟ್ಟಿಯ ಮೇಲಿತ್ತು, ಮನಸ್ಸು ಸಂಜೆಯ ಬಸ್ಸಿನ ಮೇಲೆ. ಪಕ್ಕದ ನೆಲಮಾಳಿಗೆಯಲ್ಲಿ ವೈನಿನ ಹದ ನೋಡುವ ಗುಮ್ಮ ಬೇರೆ ಊರಿನ ಕೆಲಸಕ್ಕೆಂದು ಆ ಬಸ್ಸು ಹತ್ತುವವನಿದ್ದ. ಮೂರು ವರ್ಷದಿಂದ ದಿನವೂ ಬರುತ್ತಾನೆ, ಪೀಪಾಯಿ ತಟ್ಟುತ್ತಾನೆ, "ಹ್ಞೂಂ" ಅನ್ನುತ್ತಾನೆ, ಹೋಗುತ್ತಾನೆ. ಆ ಒಂದು "ಹ್ಞೂಂ"ಗಾಗಿ ಇವಳು ಎರಡೆರಡು ಸಲ ತಲೆ ಬಾಚುವುದು ಅವನಿಗೆ ಗೊತ್ತೇ ಇಲ್ಲ...

'ಹೋಗುವಾಗಲಾದರೂ ಏನಾದರೂ ಹೇಳ್ತಾನಾ?'

ಆಗ ಪೀಪಾಯಿಯೊಳಗಿಂದ ಗುಮ್ಮನ ದನಿ ಬಂತು.

"ಕುಟ್ಟಿ... ನಿನ್ನ ಬಿಟ್ಟು ಹೋಗೋಕೆ ಕಾಲೇ ಏಳ್ತಿಲ್ಲ."

ಯಾವಾಗ ಬಂದ, ಒಳಗೆ ಹೇಗೆ ಇಳಿದ ಎಂದು ಕೇಳಲೂ ಅವಳಿಗೆ ತೋಚಲಿಲ್ಲ. ಹಣೆಯನ್ನು ಮರಕ್ಕೆ ಒತ್ತಿ ಮೆಲ್ಲಗೆ ಅಂದಳು: "ಹಾಗಾದ್ರೆ ಹೋಗ್ಬೇಡ. ನಂಗೆ ನೀನೇ ಬೇಕು."

ಪೀಪಾಯಿಯಿಂದ ತಲೆಯೊಂದು ಮೇಲೆದ್ದಿತು. ಗುಮ್ಮನದಲ್ಲ, ಗುಟುಕಪ್ಪನದು!

ಗುಟುಕಪ್ಪ ವೈನಿಗೂ ಗೆಳೆತನಕ್ಕೂ ದೇವರು. ಮೇಲೆ ಒಬ್ಬನೇ ಕುಡಿಯುವುದು ಬೇಜಾರೆಂದು ಮನುಷ್ಯರ ನಡುವೆ ಬಂದು ಕೂರುವವನು. ಕಂಡವರ ದನಿಯನ್ನು ತದ್ವತ್ತಾಗಿ ತೆಗೆಯುವುದು ಅವನ ಚಟ.

ಅಷ್ಟರಲ್ಲಿ ಆಗಬಾರದ್ದು ಆಗಿತ್ತು. ಎರವಲು ಒಯ್ದಿದ್ದ ಅವಳ ಮರದ ಕೊಡತಿ ಹಿಂತಿರುಗಿಸಲು ಬಂದ ನಿಜವಾದ ಗುಮ್ಮ ಬಾಗಿಲಲ್ಲಿ ನಿಂತಿದ್ದ. ಕೇಳಿಸಿದ್ದು ಅವಳ ಮಾತು ಮಾತ್ರ, ಕಂಡದ್ದು ಪೀಪಾಯಿಯಲ್ಲಿ ಹಲ್ಲು ಕಿರಿಯುವ ಸುಂದರಾಂಗ. ಕೊಡತಿಯನ್ನು ಹೊಸ್ತಿಲ ಮೇಲಿಟ್ಟು ಹೊರಟೇಬಿಟ್ಟ.

ಗುಟುಕಪ್ಪ ಗುಮ್ಮನ ದನಿಯಲ್ಲೇ ತಾನು ಯಾರೆಂದು ಹೇಳಿಕೊಂಡ. ಕುಟ್ಟಿಯ ಕಣ್ಣು ತುಂಬಿತು. "ಗೆಳೆತನದ ದೇವರಂತೆ ನೀನು. ಇದ್ದ ಒಂದನ್ನೂ ಮುರಿದೆಯಲ್ಲೋ."

ಗುಟುಕಪ್ಪನ ನಗು ಇಂಗಿತು. ಮೊದಲ ಬಾರಿಗೆ ತನ್ನದೇ ದನಿಯಲ್ಲಿ ಹೇಳಿದ: "ದನಿ ತೆಗೆದದ್ದಷ್ಟೇ ನಾನು. ಆ ಮಾತು, ನೆಲಮಾಳಿಗೆಯಲ್ಲಿ ಯಾರೂ ಇಲ್ಲದಾಗ ತುಂಬಿದ ಪೀಪಾಯಿಗಳ ಹತ್ರ ಅವನೇ ಹೇಳ್ಕೊಂಡಿದ್ದು."

ಅವಳು ಓಡಿದಳು. ಬೀದಿಯ ತಿರುವಿನಲ್ಲಿ ಗುಮ್ಮನ ತೋಳು ಹಿಡಿದಳು. ಹಿಂದೆಯೇ ಬಂದ ದೇವರು ತಾನು ಯಾರೆಂದು ಹೇಳಿ, ತಪ್ಪೊಪ್ಪಿಕೊಂಡು, ಅದೇ ಮಾತನ್ನು ಅದೇ ದನಿಯಲ್ಲಿ ಮತ್ತೊಮ್ಮೆ ಆಡಿ ತೋರಿಸಿದ. ಗುಮ್ಮನ ಕಿವಿಗಳು ಕೆಂಪು ವೈನಿನ ಬಣ್ಣಕ್ಕೆ ತಿರುಗಿದವು.

"ನಿನ್ನ ಮಾತೇನಾ ಅದು?" ಕುಟ್ಟಿ ಕೇಳಿದಳು.

ಅವನು ಹೌದೆಂದು ತಲೆಯಾಡಿಸಿದ.

"ಹಾಗಾದ್ರೆ ನೀನೇ ಹೇಳು."

"ಇವನಷ್ಟು ಚೆನ್ನಾಗಿ ನಂಗೆ ಬರಲ್ಲ."

"ಕೆಟ್ಟದಾಗೇ ಹೇಳು. ನಂಗಷ್ಟು ಸಾಕು."

ಗುಮ್ಮ ಗೋಡೆ ನೋಡುತ್ತಲೇ ಹೇಳಿದ: "ನಾನು ಬಸ್ಸನ್ನ ಪ್ರೀತಿಸ್ತೀನಿ... ಅಲ್ಲಲ್ಲ, ಬಸ್ಸನ್ನ ಬಿಡ್ತೀನಿ. ನಿನ್ನನ್ನ..."

"ನನ್ನನ್ನ?"

"ಬಿಡಲ್ಲ."

ಗುಟುಕಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಗುಮ್ಮನೂ ನಾಚಿ ನಕ್ಕ. ಆದರೆ ಕಿಟಕಿ ತೆರೆದು ಇಣುಕಿದ ಬೀದಿಯವರಿಗೆಲ್ಲ ಕೇಳಿಸಿದ್ದು ಆಗಷ್ಟೇ ಮೋಸ ಹೋಗಿದ್ದವಳ ನಗು. ಕೆನ್ನೆಯ ಮೇಲಿನ ನೀರು ಆರುವ ಮೊದಲೇ ಕುಟ್ಟಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು.