ನಾಲ್ಕನೇ ಚಕ್ರ

ಆಸಿಡ್ ಬಿದ್ದದ್ದೇ ತಡ, ಕಾರಿನ ಚಕ್ರದ ಮೇಲೆ ಬುಸ್ಸೆಂದು ನೊರೆ ಎದ್ದಿತು.

"ಕೆಲಸ ಅಂದ್ರೆ ಇದು!" ಎಂದು ಚೂಟಿ ಬೀಗಿದಳು.

ಆ ಕಾರು ಅವಳ ಮೆಕ್ಯಾನಿಕ್ ಚಿಕ್ಕಮ್ಮನದು. ನಾಳೆ ಅದು ಹಳೇ ಕಾರುಗಳ ಮೆರವಣಿಗೆಗೆ ಹೋಗಬೇಕು. ಅಲ್ಯುಮಿನಿಯಂ ಚಕ್ರಗಳ ಮೇಲೆ ಉಪ್ಪು ಚೆಲ್ಲಿದ ಹಾಗೆ ಬಿಳಿ ಪುಡಿ ಕಟ್ಟಿತ್ತು. ಮೂರು ಚಕ್ರಗಳನ್ನು ಉಜ್ಜಿ ಹೊಳಪಿಸಲು ಚಿಕ್ಕಮ್ಮನಿಗೆ ಮೂರು ದಿನ ಹಿಡಿದಿತ್ತು. ನಾಲ್ಕನೆಯದು ಚೂಟಿಯ ಪಾಲಿಗೆ ಬಂತು.

"ಸೋಪಿನ ನೀರು, ನೈಸ್ ಉಜ್ಜುಕಾಗದ, ಅಷ್ಟೇ. ಪುಡಿ ಪೂರ್ತಿ ಹೋಗ್ಬೇಕು. ಆಮೇಲೆ ನಾನು ಕೋಟಿಂಗ್ ಹೊಡೀತೀನಿ, ನೀರು ಒಳಗೆ ಇಳಿಯಲ್ಲ. ಚೆನ್ನಾಗಿ ಮಾಡಿದ್ರೆ ಮುಂದಿನ ಸೀಟು ನಿಂದೇ," ಎಂದಿದ್ದರು ಚಿಕ್ಕಮ್ಮ.

ಅಷ್ಟು ಹೊತ್ತು ಯಾರು ಉಜ್ಜುತ್ತಾರೆ? ಬಚ್ಚಲು ತೊಳೆಯುವ ಆಸಿಡ್ ಇತ್ತಲ್ಲ!

ನೊರೆ ಇಳಿದಾಗ ಚಕ್ರದ ತುಂಬ ಕಪ್ಪು ಕಲೆ. ಚೂಟಿ ಅಡುಗೆಮನೆಗೆ ಓಡಿದಳು. ಪಾತ್ರೆ ತಿಕ್ಕುವ ಸ್ಟೀಲ್ ನಾರು ತಂದು ತಿಕ್ಕಿದಳು. ಗೀರುಗಳೂ ಸೇರಿಕೊಂಡವು. ಕೊನೆಗೆ ಬೆಳ್ಳಿ ಬಣ್ಣದ ಸ್ಪ್ರೇ ತೆಗೆದು ಕಲೆ, ಗೀರು, ಉಳಿದ ಪುಡಿ ಎಲ್ಲದರ ಮೇಲೂ ಪುಸ್ ಪುಸ್ ಎಂದು ಹೊಡೆದುಬಿಟ್ಟಳು.

ಸಂಜೆ ಚಿಕ್ಕಮ್ಮ ಬಾಗಿಲಿನಿಂದಲೇ ಕೂಗಿದರು, "ಅಬ್ಬಬ್ಬಾ! ಕನ್ನಡಿ ಥರ ಹೊಳೀತಿದೆಯಲ್ಲೇ! ಹತ್ತು, ಈಗ್ಲೇ ಸೀಟ್ ಟ್ರಯಲ್ ನೋಡು."

ಚೂಟಿ ಹತ್ತಿ ಕೂತಳು. ಸೀಟು ಮೆತ್ತಗಿತ್ತು. ಆದರೂ ಕೂರಲು ಹಿತವಾಗಲಿಲ್ಲ.

"ಚಿಕ್ಕಮ್ಮ, ಅಕಸ್ಮಾತ್ ಪುಡಿ ಇರೋವಾಗ್ಲೇ ಮೇಲೆ ಬಣ್ಣ ಹೊಡೆದ್ರೆ?"

"ಒಳಗೊಳಗೇ ಚಕ್ರಾನ ತಿಂತಾ ಹೋಗುತ್ತೆ. ಮೇಲಿಂದ ನೋಡೋರಿಗೆ ಗೊತ್ತೇ ಆಗಲ್ಲ. ಯಾಕೆ?"

ಚೂಟಿ ಸೀಟಿನಿಂದ ಇಳಿದಳು. ಆಮೇಲೆ ಆಸಿಡ್, ನಾರು, ಸ್ಪ್ರೇ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು.

"ಆಸಿಡ್ಡಾ? ಮೊದ್ಲು ಕೈ ತೋರಿಸು!" ಚಿಕ್ಕಮ್ಮ ಎರಡೂ ಕೈ ತಿರುಗಿಸಿ ನೋಡಿದರು. ಸುಟ್ಟಿರಲಿಲ್ಲ. ಆಮೇಲೆ ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತರು. "ಚೆನ್ನಾಗಿ ತಿಪ್ಪೆ ಸಾರಿಸಿದ್ದೀಯಲ್ಲೇ ತಾಯಿ! ಈ ಬಣ್ಣ ಕೀಳ್ಬೇಕು, ಆಸಿಡ್ ತೊಳೀಬೇಕು, ಮತ್ತೆ ಮೊದಲಿಂದ ಉಜ್ಜಬೇಕು. ಇವತ್ತಿಗೆ ಮುಗಿಯೋ ಮಾತಲ್ಲ."

ಇಬ್ಬರೂ ಊಟದ ಹೊತ್ತಿನವರೆಗೆ ಉಜ್ಜಿದರು. ಅರ್ಧ ಹೊಳೆಯಿತು, ಅರ್ಧ ಹಾಗೇ ಉಳಿಯಿತು.

ಬೆಳಿಗ್ಗೆ ಮುಂದಿನ ಸೀಟಿನಲ್ಲಿ ಟೂಲ್ ಬಾಕ್ಸ್ ಜಂಬದಿಂದ ಕೂತಿತ್ತು. ಚೂಟಿ ಹಿಂದೆ ಹತ್ತಿದಳು.

ಮೆರವಣಿಗೆಯಲ್ಲಿ ಕನ್ನಡಕದ ತಾತ ಒಬ್ಬರು ಬಗ್ಗಿ ನೋಡಿದರು. "ಮೂರು ಚಕ್ರ ಫಳಫಳ ಅಂತಿವೆ. ಇದೊಂದು ಯಾಕಮ್ಮ ಹೀಗೆ?"

ಚಿಕ್ಕಮ್ಮ ಬಾಯಿ ತೆರೆಯುವ ಮೊದಲೇ ಚೂಟಿ ಹೇಳಿದಳು, "ಅದು ನಾನು ಕೆಡಿಸಿದ್ದು ತಾತ. ರಿಪೇರಿ ನಡೀತಿದೆ. ಇನ್ನೂ ಎರಡು ದಿನ ಬೇಕು."

ತಾತ ಗಹಗಹಿಸಿ ನಕ್ಕರು. ಚಿಕ್ಕಮ್ಮನೂ ನಕ್ಕರು.

ಮನೆಗೆ ಹೊರಟಾಗ ಚಿಕ್ಕಮ್ಮ ಟೂಲ್ ಬಾಕ್ಸನ್ನು ಹಿಂದಕ್ಕಿಟ್ಟು ಮುಂದಿನ ಬಾಗಿಲು ತೆರೆದರು. "ಬಾರೇ."

ಚೂಟಿಗೆ ಆಸೆ ಆಯಿತು, ತುಂಬಾ ಆಸೆ ಆಯಿತು. ಒಮ್ಮೆ ಚಕ್ರದ ಕಡೆ ನೋಡಿದಳು.

"ಅದು ಮುಗೀಲಿ ಚಿಕ್ಕಮ್ಮ," ಎಂದು ಹಿಂದೆ ಹೋಗಿ ಟೂಲ್ ಬಾಕ್ಸಿನ ಪಕ್ಕ ಕೂತಳು.