ಗೆಲ್ಲುವ ತನಕ ಮಾತಿಲ್ಲ

"ರೀ ಮಿಸ್ಟರ್, ಹಾರ್ನ್ ಕೇಳಿಸ್ಲಿಲ್ವಾ? ಐಸ್ ಬಿಟ್ಟು ಆಚೆ ನಡೀರಿ!"

ಸಡ್ಬರಿ ಊರಿನ ಐಸ್ ಹಾಕಿ ಅಂಗಳದಲ್ಲಿ, ಅಂದರೆ ರಿಂಕ್‌ನಲ್ಲಿ, ಐಸ್ ನುಣುಪು ಮಾಡುವ ಬಂಡಿ ಓಡಿಸುವ ಲಾರಿಸಾಗೆ ಸಿಟ್ಟು ನೆತ್ತಿಗೇರಿತ್ತು. ಅಭ್ಯಾಸ ಮುಗಿಸಿ ಎಲ್ಲರೂ ಹೋಗಿದ್ದರು. ತಂಡಕ್ಕೆ ಹೊಸದಾಗಿ ಬಂದ ಫಾರ್ವರ್ಡ್ ಆಟಗಾರ ಕೋಲ್ಬಿ ಮಾತ್ರ ಖಾಲಿ ಗೋಲಿಗೆ ಹೊಡೆಯುತ್ತಲೇ ಇದ್ದ.

"ಇನ್ನೊಂದೇ ಒಂದು... ಪ್ಲೀಸ್!"

"ನಿಮ್ಮ ಗುರಿ ನೋಡಿದ್ರೆ ಬೆಳಗಾಗುತ್ತೆ ಕಣ್ರೀ!"

ಅವನು ಬಾಯ್ತುಂಬ ನಕ್ಕ. ಮುಂದಿನ ಹಲ್ಲೊಂದು ಇರಲಿಲ್ಲ. ಆ ನಗುವಿಗೇ ಲಾರಿಸಾ ಮನಸೋತಳು. ಒಪ್ಪಿಕೊಂಡಳಾ? ಎಲ್ಲಿಯ ಮಾತು! ಒಪ್ಪಿಕೊಳ್ಳುವ ಹೊತ್ತಿಗೆ ಚಳಿಗಾಲ ಅರ್ಧ ಕಳೆದಿತ್ತು.

ಕಪ್‌ಗಾಗಿ ಆಡುವ ಪ್ಲೇಆಫ್ ಪಂದ್ಯಗಳು ಶುರುವಾದ ದಿನ ಅವಳ ಅಮ್ಮ ಅವನನ್ನು ಊಟಕ್ಕೆ ಕರೆದು, ಅವನಿಗೆಂದೇ ಪೆರೋಗಿ ಎಂಬ ಆಲೂಗಡ್ಡೆ ಕಡುಬು ಮಾಡಿ ಕಾದಿದ್ದರು. ಪಂದ್ಯದ ದಿನದ ಮಧ್ಯಾಹ್ನದ ನಿದ್ದೆಯಲ್ಲಿ ಮಹಾಶಯ ಊಟವನ್ನೇ ಮರೆತಿದ್ದ!

"ಇನ್ಮೇಲೆ ನನ್ನ ಮುಖ ನೋಡ್ಬೇಡ!" ಎಂದು ಲಾರಿಸಾ ರಿಂಕ್ ಬಾಗಿಲಲ್ಲಿ ಎಲ್ಲರೆದುರೇ ಕೂಗಾಡಿದಳು.

ಅಂದು ಸಂಜೆ ಕೋಲ್ಬಿ ಎರಡು ಗೋಲು ಹೊಡೆದ. ತಂಡ ಗೆದ್ದಿತು.

ಆಮೇಲೆ ಒಂದು ಕ್ಷಮೆ ಇಲ್ಲ, ಒಂದು ಫೋನ್ ಇಲ್ಲ. ಅವಳು ಎದುರಾದರೆ ಗೋಡೆ ಕಡೆ ತಿರುಗುತ್ತಿದ್ದ. ತಂಡ ಗೆಲ್ಲುತ್ತಲೇ ಹೋಯಿತು. ಲಾರಿಸಾ ಒಳಗೊಳಗೇ ಕುಸಿಯುತ್ತಾ ಹೋದಳು.

'ಹೆಸರು ಬಂತಲ್ಲ... ಇನ್ನು ನಾನ್ಯಾಕೆ ಬೇಕು?'

ದೂರದ ಹ್ಯಾಲಿಫ್ಯಾಕ್ಸ್‌ನ ರಿಂಕ್‌ನವರು ಅವಳನ್ನು ಕೆಲಸಕ್ಕೆ ಕರೆದಿದ್ದರು. ಬರುತ್ತೇನೆ ಎಂದು ನಾಳೆ ಹೇಳಿಬಿಡಬೇಕು. ಹೊರಡುವ ಮುಂಚೆ ಮುಖಕ್ಕೆ ಹೊಡೆದಂತೆ ನಾಲ್ಕು ಮಾತು ಕೇಳೋಣವೆಂದು, ಕಪ್‌ನ ಕೊನೆಯ ಪಂದ್ಯದ ಸಂಜೆ ಆಟಗಾರರ ಕೋಣೆಯತ್ತ ನಡೆದಳು.

ಬಾಗಿಲಲ್ಲೇ ತಂಡದ ನಾಯಕ ರೆನೆ ಕೈ ಮುಗಿದ. ಕತ್ತರಿ ಕಾಣದ ಗಡ್ಡ ಎದೆಗಿಳಿದಿತ್ತು.

"ಇವತ್ತೊಂದಿನ ಅವನನ್ನ ಮಾತಾಡಿಸ್ಬೇಡ ಕಣಮ್ಮಾ! ಗೆಲ್ತಾ ಇರೋವಾಗ ಯಾರೂ ಏನೂ ಬದಲಾಯ್ಸಲ್ಲ, ನಿಂಗೊತ್ತಲ್ಲ? ನಾನು ಗಡ್ಡ ತೆಗ್ದಿಲ್ಲ, ಗೋಲ್‌ಕೀಪರ್ ಸಾಕ್ಸ್ ಒಗ್ದಿಲ್ಲ... ನೀವು ಜಗಳ ಆಡಿದ್ಮೇಲೆ ನಾವು ಸೋತೇ ಇಲ್ಲ!"

ಲಾರಿಸಾಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಅಂದ್ರೆ ನಾನೂ ನಿಮಗೆ ಒಗೆಯದ ಸಾಕ್ಸಾ?"

ಒಳಗಿದ್ದ ಕೋಲ್ಬಿಗೆ ಅದು ಕೇಳಿಸಿತು. ಎದ್ದು ನಿಂತ.

"ಲೋ, ಬೇಡ! ಮ್ಯಾಚ್ ಮುಗಿಯೋ ತನಕ ತಡ್ಕೊಳ್ಳೋ!" ಇಡೀ ತಂಡ ಬೊಬ್ಬೆ ಹಾಕಿತು. ಮೂವತ್ತು ದಾಟಿದ ಕೋಲ್ಬಿಗೆ ಈ ಕಪ್ ತಪ್ಪಿದರೆ ಮುಂದಿನ ವರ್ಷ ಯಾವ ತಂಡವೂ ಕರೆಯುವುದು ಅನುಮಾನ. ಅದು ಅವಳಿಗೂ ಗೊತ್ತಿತ್ತು.

ಅವನು ನೇರ ಅವಳ ಮುಂದೆ ಬಂದು ನಿಂತ.

"ತಪ್ಪಾಯ್ತು ಲಾರಿಸಾ. ಊಟ ಮರೆತಿದ್ದೂ ತಪ್ಪು, ಇವರ ಮಾತು ಕೇಳಿ ನಿನ್ನ ಅಳಿಸಿದ್ದು ಅದಕ್ಕಿಂತ ದೊಡ್ಡ ತಪ್ಪು."

"ಮಾತಾಡಿಬಿಟ್ಟೆಯಲ್ಲ... ಇವತ್ತು ಸೋತ್ರೆ?"

"ನಾನು ಗೋಲು ಹೊಡೆಯೋದು ಸ್ಟಿಕ್‌ನಿಂದ ಕಣೇ, ನಿನ್ನ ಕಣ್ಣೀರಿಂದ ಅಲ್ಲ! ಐ ಲವ್ ಯೂ. ಗೆಲ್ಲೋಕೆ ಮುಂಚೇನೇ ಹೇಳ್ತಿದ್ದೀನಿ, ಕೇಳಿಸ್ಕೋ."

ರೆನೆ ತಲೆ ಮೇಲೆ ಕೈ ಹೊತ್ತು ಕೂತ. ಲಾರಿಸಾ ಕಣ್ಣೊರೆಸಿಕೊಂಡಳು. ಎದೆ ಹಗುರಾಗಿತ್ತು.

"ಹ್ಯಾಲಿಫ್ಯಾಕ್ಸ್‌ನವ್ರು ಬೇರೆಯವ್ರನ್ನ ಹುಡುಕ್ಕೊಳ್ಲಿ. ಹೋಗು, ಗೆದ್ದು ಮನೆಗೆ ಬಾ. ಅಮ್ಮ ಕಾಯ್ತಿರ್ತಾರೆ."

"ಸೋತ್ರೆ?"

"ಆಗ್ಲೂ ಮನೆಗೇ ಬಾರೋ ದಡ್ಡ!"