ಹಳೆಯ ಇಂಜಿನ್ನಿನ ಕೊಳೆ

ಕಾರು ಎತ್ತುವ ಜಾಕ್ ಜಾರಿ ದಿನೇಶನ ಬಲಗೈಯ ಎರಡು ಬೆರಳು ಹೋಗಿ ಮೂರು ವರ್ಷವಾಗಿತ್ತು. ಅದು ಸವೆದ ಜಾಕು. ಬದಲಿಸಿ ಎಂದು ಅವನು ಗ್ಯಾರೇಜಿನ ಮಾಲೀಕ ಮಹೇಂದ್ರನಿಗೆ ಎಷ್ಟೋ ಸಲ ಹೇಳಿದ್ದ. ಆಸ್ಪತ್ರೆಯಲ್ಲಿ ವಿಚಾರಿಸಿದವರಿಗೆಲ್ಲ ಮಹೇಂದ್ರ ಹೇಳಿದ್ದು ಒಂದೇ ಮಾತು: "ಅವಂದೇ ತಪ್ಪು, ಮೈಮೇಲೆ ಖಬರಿರಲಿಲ್ಲ." ಆನೆಕೊಂಡದ ಆ ಗ್ಯಾರೇಜಿನಲ್ಲಿ ಹದಿನಾಲ್ಕು ವರ್ಷ ಇಂಜಿನ್ ಬಿಚ್ಚಿ ಕಟ್ಟಿದ ಕೈಗೆ ಆಮೇಲೆ ಉಳಿದದ್ದು ಆಯಿಲ್ ಬದಲಿಸುವ ಕೆಲಸ ಮಾತ್ರ.

ಈ ವರ್ಷ ಮಹೇಂದ್ರನಿಗೆ ಹೊಸ ಹುಚ್ಚು ಹಿಡಿದಿತ್ತು. ಬಂದ ಕಾರಿಗೆಲ್ಲ ಫ್ಲಶ್ ಎಂಬ ದ್ರಾವಣ ಹಾಕಿ ಇಂಜಿನ್ ತೊಳೆಯುವುದು, ಮೇಲೆ ಸಿಂಥೆಟಿಕ್ ಆಯಿಲ್ ತುಂಬುವುದು.

"ಲಕ್ಷಗಟ್ಟಲೆ ಕಿಲೋಮೀಟ್ರು ಓಡಿ ಒಂದು ಸಲಾನೂ ಬಿಚ್ಚದ ಇಂಜಿನ್ನಿಗೆ ಫ್ಲಶ್ ಬ್ಯಾಡ್ರಿ," ಎಂದು ದಿನೇಶ ಒಮ್ಮೆ ಹೇಳಿದ್ದ. "ಒಳಗಿನ ಕೊಳೆ ಎದ್ದು ಬಂದು ಆಯಿಲ್ ಹೀರೋ ಜಾಲರಿಗೆ ಕೂತ್ರೆ ಆಯಿಲ್ ಮೇಲೇರಲ್ಲ. ಇಂಜಿನ್ ಹಿಡಕಂತೈತೆ."

"ನೀ ಡಬ್ಬಿ ಸುರಿಯೋ ಮನುಷ್ಯ, ಸುರಿ ಸಾಕು," ಎಂದಿದ್ದ ಮಹೇಂದ್ರ, ಗಿರಾಕಿಗಳ ಎದುರಿಗೇ.

ಎಲ್ಲರೂ ನಕ್ಕರು. ಆ ನಗುವಿನಲ್ಲೇ ದಿನೇಶನಿಗೆ ದಾರಿ ಕಂಡಿತು. ತಾನು ಬೇಡವೆಂದದ್ದನ್ನು ನಾಲ್ಕು ಜನ ಕೇಳಿದ್ದಾರೆ. ಇನ್ನು ಮಾಲೀಕ ಹೇಳಿದ್ದನ್ನು ಹೇಳಿದ ಹಾಗೇ ಮಾಡಿದರೆ ಸಾಕು.

ಅವನು ಆರಿಸಿಕೊಂಡದ್ದು ಹರಿಹರದ ಬಿಲ್ಕೀಸಳ ಡೀಸೆಲ್ ಕಾರನ್ನು. ಗಂಡ ತೀರಿಕೊಂಡ ಮೇಲೆ ಅವಳೇ ಸ್ಟೀರಿಂಗ್ ಹಿಡಿದು, ಗುತ್ತೂರಿನ ಫ್ಯಾಕ್ಟರಿಗೆ ದಿನಾ ಆರು ಹೆಂಗಸರನ್ನು ಕರೆದೊಯ್ಯುತ್ತಿದ್ದಳು. ಮೀಟರು ಎರಡು ಲಕ್ಷದ ಅರವತ್ತು ಸಾವಿರ ದಾಟಿತ್ತು. ಅವಳ ಮಾತಿನ ಮೇಲೆಯೇ ಫ್ಯಾಕ್ಟರಿಯ ಹದಿನೈದು ಗಾಡಿಗಳು ಇಲ್ಲಿಗೆ ಬರುತ್ತಿದ್ದವು. ಅವಳ ಕಾರು ನಿಂತರೆ ಅಷ್ಟೂ ಗಾಡಿಗಳು ಹೋಗುತ್ತವೆ, ಮಹೇಂದ್ರನ ಹೆಸರೂ ಹೋಗುತ್ತದೆ. ಬೆರಳು ಹೋದಾಗ ಹಣ್ಣು ಹಿಡಿದು ಮನೆಗೆ ಬಂದಿದ್ದ ಒಬ್ಬಳೇ ಗಿರಾಕಿ ಬಿಲ್ಕೀಸ್. ಅದು ನೆನಪಾದಾಗ ಅವನು ತನಗೇ ಹೇಳಿಕೊಂಡ: ಹೊಸ ಇಂಜಿನ್ನನ್ನು ಮಹೇಂದ್ರನೇ ಕೂರಿಸಿಕೊಡಬೇಕಾಗುತ್ತದೆ, ಅವಳಿಗೇನೂ ನಷ್ಟವಿಲ್ಲ.

ಆದರೂ ಅದೃಷ್ಟದ ಮೇಲೆ ಬಿಡುವ ಜಾಯಮಾನ ಅವನದಲ್ಲ. ಶೆಡ್ಡಿನ ಹಿಂದೆ ಬಿದ್ದಿದ್ದ ಗುಜರಿ ಡೀಸೆಲ್ ಇಂಜಿನ್ನಿನಿಂದ ಡಾಂಬರಿನಂಥ ಕೊಳೆಯನ್ನು ಕೆರೆದು ಒಂದು ಡಬ್ಬಿಯಲ್ಲಿ ಕೂಡಿಟ್ಟ. ವಿಷವಲ್ಲ, ಮರಳಲ್ಲ; ಯಾವ ಹಳೆ ಇಂಜಿನ್ನಿನಲ್ಲೂ ಸಿಗುವ ಕೊಳೆ. ನಾಳೆ ಯಾರು ಬಿಚ್ಚಿ ನೋಡಿದರೂ ಅನುಮಾನಕ್ಕೆ ಎಡೆಯಿಲ್ಲ.

ಶನಿವಾರ ಮಧ್ಯಾಹ್ನ ಬಿಲ್ಕೀಸ್ ಬಂದಳು. "ಬರೀ ಆಯಿಲ್ ಬದಲಿ ಮಾಡ್ರಿ ಸಾಕು," ಎಂದಳು. ಮಹೇಂದ್ರ ಬಿಡಲಿಲ್ಲ. ಮೀಟರು ತೋರಿಸಿ ಒಪ್ಪಿಸಿದ, ಫ್ಲಶ್, ಸಿಂಥೆಟಿಕ್ ಎಂದು ತಾನೇ ಚೀಟಿ ಬರೆದು ಸಹಿ ಹಾಕಿದ. ದಿನೇಶ ಎಲ್ಲರಿಗೂ ಕೇಳುವ ಹಾಗೆ, "ಇನ್ನೊಂದು ಸಲ ವಿಚಾರ ಮಾಡ್ರಿ ಮಹೇಂದ್ರಣ್ಣ," ಎಂದ. ಬೈಸಿಕೊಂಡ. ಫ್ಲಶ್ ಹಾಕಿದ, ಹಳೆ ಆಯಿಲ್ ಇಳಿಸಿದ. ಡೀಸೆಲ್ ಗಾಡಿಯಲ್ಲಿ ಯಾವಾಗಲೂ ಇರುವಂತೆ ಅದು ಕಪ್ಪಗೇ ಇತ್ತು. ಡಬ್ಬಿಯಲ್ಲಿದ್ದ ಕೊಳೆಯನ್ನು ಆಯಿಲ್ ಇಳಿಸುವ ಕೆಳಗಿನ ತೂತಿನಿಂದ ಒಳಗೆ ತುರುಕಿ, ಬೋಲ್ಟ್ ಬಿಗಿದು, ಹೊಸ ಆಯಿಲ್ ಸುರಿದ. ಮೂರು ಬೆರಳಿನ ಕೈಯನ್ನು ಬಟ್ಟೆಗೆ ಒರೆಸಿಕೊಂಡ.

ಸೋಮವಾರ ಬೆಳಿಗ್ಗೆ ಗುತ್ತೂರಿನ ಹತ್ತಿರ ಇಂಜಿನ್ ಹಿಡಿದುಕೊಂಡು ಕಾರು ನಿಂತುಬಿಟ್ಟಿತು. ಆರು ಹೆಂಗಸರು ಬಿಸಿಲಲ್ಲಿ ನಡೆದು ತಡವಾಗಿ ಫ್ಯಾಕ್ಟರಿ ಸೇರಿದರು. ಮಧ್ಯಾಹ್ನದೊಳಗೆ ಫ್ಯಾಕ್ಟರಿಯವರು ಬೇರೆ ಗಾಡಿ ಗೊತ್ತು ಮಾಡಿಕೊಂಡರು. ಕಾರನ್ನು ಎಳೆಸಿಕೊಂಡು ಬಂದ ಬಿಲ್ಕೀಸಳ ಹಿಂದೆ ನಾಲ್ಕೈದು ಡ್ರೈವರುಗಳೂ ಬಂದು ನಿಂತರು. ಎಲ್ಲ ಅವನು ಅಂದುಕೊಂಡ ಹಾಗೇ.

ಮಹೇಂದ್ರ ತಾನೇ ಕಾರಿನಡಿ ನುಸುಳಿ ಇಂಜಿನ್ನಿನ ತಳದ ಆಯಿಲ್ ಚೇಂಬರ್ ಬಿಚ್ಚಿದ. ಜಾಲರಿಯ ತುಂಬ ಕರಿ ಮುದ್ದೆ. ಹೊರಗೆ ಬಂದವನ ಮುಖ ಬಿಳಿಚಿಕೊಂಡಿತ್ತು.

ಮೂರು ವರ್ಷದಿಂದ ಕಾದಿದ್ದ ಮಾತನ್ನು ದಿನೇಶ ನಿಧಾನವಾಗಿ ಆಡಿದ. "ನಾ ಅವತ್ತೇ ಹೇಳಿದ್ದೆ. ಇಷ್ಟು ವರ್ಷದ ಹಳೇ ಕೊಳೆ ಇದು. ಬ್ಯಾಡ ಅಂದ್ರೂ ಎಬ್ಬಿಸಿದ್ರಿ."

ಡ್ರೈವರುಗಳು ಮಹೇಂದ್ರನತ್ತ ನೋಡಿದರು. ಮಹೇಂದ್ರ ತಲೆ ತಗ್ಗಿಸಿದ.

ಬಿಲ್ಕೀಸ್ ಕೆಳಗೆ ಕೂತು ಜಾಲರಿಯಿಂದ ಒಂದು ಚೂರು ಮುದ್ದೆ ತೆಗೆದು ಬೆರಳಲ್ಲಿ ಹೊಸಕಿದಳು. "ಬ್ಯಾರೆ ಕಡೆ ಮಾಡಿಸಿದ್ದಕ್ಕೆ ನೀವು ಬೇಜಾರಾಗ್ತೀರಿ ಅಂತ ಹೇಳಿದ್ದಿಲ್ಲ ದಿನೇಶಣ್ಣ," ಎಂದಳು, ತಪ್ಪೊಪ್ಪಿಕೊಳ್ಳುವವಳ ಹಾಗೆ. "ಹೋದ ತಿಂಗಳು ಹರಿಹರದಾಗೇ ಇಂಜಿನ್ ಪೂರ್ತಿ ಬಿಚ್ಚಿಸಿ ಬೋರ್ ಮಾಡಿಸೀನಿ. ಪಿಸ್ಟನ್ನು, ಬೇರಿಂಗು ಎಲ್ಲ ಹೊಸಾವು. ಸಾವಿರ ಕಿಲೋಮೀಟ್ರಾತು, ಮೊದಲನೇ ಆಯಿಲ್ ಬದಲಿ ಮಾಡಿಸಾಣ ಅಂತ ಬಂದಿದ್ದೆ." ಅವಳ ಕಣ್ಣು ನಿಧಾನವಾಗಿ ದಿನೇಶನ ಕೈಯತ್ತ ಏರಿತು. "ಈ ಚೇಂಬರು, ಈ ಜಾಲರಿ, ಎರಡನ್ನೂ ನಾನೇ ಕುಂತು ಡೀಸೆಲ್ಲಿನಾಗ ತೊಳೆದು ಕೊಟ್ಟಿದ್ದೆ."